ಅಳತೆಗೆ ನಿಂತವನು

“ಅದೊಂದು ಮಾಡ ಮುಟ್ಟಬ್ಯಾಡ ಯವ್ವಾ,” ಎಂದಳು ದುಂಡವ್ವ. “ಅಲ್ಲೊಬ್ಬಾಂವ ನಿಂತಾನ. ಆಂವ ನಿಂತಾನಂತ ಈ ಗ್ವಾಡಿ ನಿಂತೈತಿ.”

ರಾಜೇಶ್ವರಿಗೆ ನಗು ತಡೆಯಲಾಗಲಿಲ್ಲ. ಹಳೆಯ ಮನೆಗಳ ಅಳತೆ ತೆಗೆದು, ಅವುಗಳ ರೋಗ ಪತ್ತೆಹಚ್ಚಿ, ದುರಸ್ತಿಗೆ ಕೈ ಹಾಕುವ ಮೊದಲು ಯಾವುದನ್ನು ಉಳಿಸಬೇಕು, ಯಾವುದಕ್ಕೆ ಆಸರೆ ಕೊಡಬೇಕು ಎಂದು ವರದಿ ಬರೆಯುವುದು ಅವಳ ಕಸುಬು. ಮೈಸೂರು ಬಿಟ್ಟು ಹದಿನಾಲ್ಕು ವರ್ಷ ನಾಡೆಲ್ಲ ತಿರುಗಿದ್ದಳು. ಅವಳು ಹೊಕ್ಕ ಒಂದೊಂದು ಹಳೇ ಮನೆಯಲ್ಲೂ ಯಾರೋ ಒಬ್ಬರು ಇದ್ದೇ ಇದ್ದರು: ಬಾವಿಯಲ್ಲೊಬ್ಬ ಸೊಸೆ, ಅಟ್ಟದ ಮೇಲೊಬ್ಬ ಶಾನುಭೋಗ. ಅವರಲ್ಲಿ ಒಬ್ಬರಾದರೂ ಏಣಿ ಹಿಡಿಯಲು ಬಂದದ್ದಿಲ್ಲ.

“ಪಾಪ, ನಿಂತು ನಿಂತು ಕಾಲು ನೋಯ್ತಿರುತ್ತೆ ಅಜ್ಜಿ. ಒಂದು ಕುರ್ಚಿ ಹಾಕಿಸೋಣ,” ಎಂದಳು. ಅವಳ ಗಂಡ ಕಿಶೋರ ಟೇಪು ಸುತ್ತುತ್ತಲೇ ನಕ್ಕ. ದುಂಡವ್ವ ನಗಲಿಲ್ಲ. ಎಂಬತ್ತು ದಾಟಿದ ಮುದುಕಿ, ಕೈಯಲ್ಲಿ ಸೆಗಣಿಯ ಬಕೆಟ್ಟು ಹಿಡಿದು, ಇಬ್ಬರನ್ನೂ ನೋಡುತ್ತ ಹೊಸ್ತಿಲಲ್ಲೇ ನಿಂತಿದ್ದಳು.

ತುಕ್ಕಾನಟ್ಟಿಯ ಹಿಂದೆ, ಕಬ್ಬಿನ ಹೊಲಗಳು ಮುಗಿದು ಕುರಿ ಮೇಯುವ ಕಲ್ಲುಭೂಮಿ ಶುರುವಾಗುವಲ್ಲಿ ಆ ಮನೆ. ಊರವರು ಕಂಬಳಿ ವಾಡೆ ಎನ್ನುತ್ತಾರೆ. ದುಂಡವ್ವನ ಮಗ ಖಂಡೆಪ್ಪನ ಹಿರಿಯರು ಕುರಿ ಸಾಕಿ, ಉಣ್ಣೆ ನೂತು, ಕಂಬಳಿ ಮಾರಿಯೇ ಅದನ್ನು ಕಟ್ಟಿಸಿದ್ದರು. ಈಗ ಅರ್ಧ ವಾಡೆಯಲ್ಲಿ ಖಂಡೆಪ್ಪನ ಸಂಸಾರ. ಖಾಲಿ ಬಿದ್ದ ಇನ್ನರ್ಧವನ್ನು ಆತ ತನ್ನ ಸಮಾಜದ ಸಂಘಕ್ಕೆ ಬಿಟ್ಟುಕೊಟ್ಟಿದ್ದ. ಹಟ್ಟಿಗಳ ಹೆಣ್ಣುಮಕ್ಕಳು ಉಳಿದು ಓದಲು ಅಲ್ಲಿ ವಸತಿನಿಲಯ ಆಗಲಿತ್ತು. ಎರಡೂ ಅರ್ಧಗಳ ನಡುವೆ ಇದ್ದದ್ದು ಒಂದೇ ಗೋಡೆ, ಮೂರಡಿ ದಪ್ಪದ್ದು. ಈಚೆ ಕತ್ತಲ ಪಡಸಾಲೆ. ಆಚೆ ಖಂಡೆಪ್ಪನ ಸೊಸೆ ಸುವರ್ಣಾಳ ಕೋಣೆ, ಅಲ್ಲಿ ಅವಳ ಮೂರು ತಿಂಗಳ ಕೂಸಿನ ತೊಟ್ಟಿಲು. ಆ ಗೋಡೆಯಲ್ಲಿ ಜಂತಿಯಿಂದ ನೆಲದವರೆಗೆ ಒಂದು ಬಿರುಕು ಇಳಿದಿತ್ತು. ಬಿರುಕಿನ ನಟ್ಟನಡುವೆ, ಎದೆಯೆತ್ತರದಲ್ಲಿ, ಸೆಗಣಿ ಮಣ್ಣು ಮೆತ್ತಿ ಮುಚ್ಚಿದ ಒಂದು ಗೂಡು. ಮುದುಕಿ ಮಾಡ ಅಂದದ್ದು ಅದಕ್ಕೇ. ಅಮಾವಾಸ್ಯೆಗೊಮ್ಮೆ ಅವಳೇ ಬಂದು ಅದಕ್ಕೆ ಹೊಸ ಮಣ್ಣು ಸಾರಿಸಿ ಹೋಗುತ್ತಿದ್ದಳು.

“ನಮ್ಮವ್ವ ಮೊದಲಿಂದ ಹಂಗ ಅಂತಾಳ್ರಿ,” ಎಂದ ಖಂಡೆಪ್ಪ, ಅರ್ಧ ನಾಚಿಕೆ ಅರ್ಧ ಭಯದಲ್ಲಿ. “ಆದ್ರೂ ಮೇಡಂರಿ, ಅದೊಂದು ಬಿಟ್ಟು ಮಾಡಾಕ ಬರೂದಿಲ್ಲೇನ್ರಿ?”

“ಬರಲ್ಲ. ಬಿರುಕಿನ ಮಧ್ಯದಲ್ಲಿ ಪೊಳ್ಳಿದೆ. ಒಳಗೆ ಏನಾಗಿದೆ ಅಂತ ನೋಡದೆ ನಲವತ್ತು ಹೆಣ್ಣುಮಕ್ಕಳನ್ನ ಇದರ ಕೆಳಗೆ ಮಲಗಿಸೋಕಾಗುತ್ತಾ? ಹೆದರಬೇಡಿ. ನಾನು ನೋಡಿ ಕೊಟ್ಟ ಮನೆ ಇನ್ನೂ ಇನ್ನೂರು ವರ್ಷ ನಿಲ್ಲುತ್ತೆ.”

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಆಗುವುದು ಯಾವಾಗಲೂ ಇಂಥ ಸರಿಯಾದ ಮಾತುಗಳ ಬೆನ್ನಿಗೇ.

ಮೊದಲು ಫೋಟೋ. ಗೋಡೆಯ ಎತ್ತರ ತಿಳಿಯಲೆಂದು ಪಕ್ಕದಲ್ಲಿ ಅಳತೆಕೋಲು ನಿಲ್ಲಿಸಿ ಫೋಟೋ ತೆಗೆಯುವುದು ಈ ಕಸುಬಿನವರ ವಾಡಿಕೆ. ಇವರ ಅಳತೆಕೋಲು ಕಿಶೋರನೇ. ಐದಡಿ ನಾಲ್ಕು ಇಂಚು. ಹೆಂಡತಿಗಿಂತ ಎರಡು ಇಂಚು ಗಿಡ್ಡ. ಮದುವೆಯ ದಿನ ಫೋಟೋದವನು ಅವನನ್ನು ಮಣೆಯ ಮೇಲೆ ನಿಲ್ಲಿಸಿದ್ದನ್ನು ರಾಜೇಶ್ವರಿ ಊರೂರಿನಲ್ಲಿ ಹೇಳಿ ನಗಿಸುತ್ತಿದ್ದಳು, ಅವನೂ ನಗುತ್ತಿದ್ದ. ಗೋಡೆಯಿಂದ ಒಂದು ಗೇಣು ಮುಂದೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಅವಳು ಅವನನ್ನು ಅದರ ಮೇಲೆ ನಿಲ್ಲಿಸಿದಳು. ದಿನವೂ ಅದೇ ಜಾಗ, ಅದೇ ಗೆರೆ. ಗೋಡೆ ಅಲುಗಿದರೆ ಫೋಟೋದಲ್ಲಿ ಗೊತ್ತಾಗಬೇಕು.

“ಇನ್ನೂ ಎಷ್ಟು ಹೊತ್ತು ನಿಲ್ಲಲಿ ರಾಜಿ?” ಎಂದ ಕಿಶೋರ. ಪ್ರತಿ ಸಲ ಅವನು ಹೇಳುವ ಮಾತೇ ಅದು.

ಆಮೇಲೆ ಉಳಿ ಹಿಡಿದು ಅವಳೇ ಮಾಡದ ಮಣ್ಣು ಬಿಡಿಸಿದಳು. ಪದರ ಪದರವಾಗಿ ಕಳಚಿತು. ನೂರಾರು ಅಮಾವಾಸ್ಯೆಗಳ ಮಣ್ಣು. ಕೊನೆಯ ಪದರ ಬಿದ್ದಾಗ ಒಳಗಿಂದ ಗಾಳಿ ಬಂತು. ತಣ್ಣನೆಯ ಗಾಳಿ, ಹಸಿ ಸುಣ್ಣದ ವಾಸನೆ, ಬೆವರಿನ ವಾಸನೆ. ಅಷ್ಟು ವರ್ಷ ಮುಚ್ಚಿಟ್ಟ ಕಡೆ ಬೆವರು ಎಲ್ಲಿಂದ ಬರಬೇಕು ಎಂದು ಅವಳಿಗೆ ಆಗ ಹೊಳೆಯಲಿಲ್ಲ. ಒಳಗೆ ಇದ್ದದ್ದು ಕರಿ ಉಣ್ಣೆಯ ಒಂದು ನೂಲು, ಸುರುಳಿ ಸುತ್ತಿದ್ದು. ಬಿಡಿಸಿ ಅಳೆದಳು. ಐದಡಿ ಎಂಟು ಇಂಚು.

ಕುರಿಯ ಉಣ್ಣೆಯೋ ಬೇರೆ ನಾರೋ ತಿಳಿಯಲು ಸುಲಭದ ದಾರಿ ಒಂದಿದೆ: ತುದಿ ಸುಟ್ಟು ಮೂಸುವುದು. ಎರಡು ಇಂಚು ಕತ್ತರಿಸಿ ಕಡ್ಡಿ ಗೀರಿ ಹಚ್ಚಿದಳು. ಬಾಗಿಲಿನಿಂದ ಬೀಸಿದ ಗಾಳಿಗೆ ಹೊಗೆ ಹಾರಿಹೋಯಿತು. ವಾಸನೆ ಸರಿಯಾಗಿ ಸಿಗಲಿಲ್ಲ ಎಂದು ಇನ್ನೆರಡು ಇಂಚು ಕತ್ತರಿಸಿದಳು. ಓದಿದವರಿಗೆ ಇದೊಂದು ಚಟ. ಗೊತ್ತಿರುವುದನ್ನೇ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳದೆ ಸಮಾಧಾನವಿಲ್ಲ. ಈ ಸಲ ಕೂದಲು ಸುಟ್ಟ ವಾಸನೆ ಪಡಸಾಲೆಯೆಲ್ಲ ತುಂಬಿತು. “ಉಣ್ಣೆ,” ಎಂದು ಪುಸ್ತಕದಲ್ಲಿ ಬರೆದುಕೊಂಡಳು.

ದುಂಡವ್ವ ಬಕೆಟ್ಟು ಕೆಳಗಿಟ್ಟು ನೆಲದ ಮೇಲೇ ಕುಸಿದಳು.

“ಈಗ ಎಷ್ಟು ಉಳೀತು?”

ಕಿಶೋರ ನೂಲನ್ನು ನೆತ್ತಿಯಿಂದ ಇಳಿಬಿಟ್ಟ. ಅದರ ತುದಿ ಅವನ ಹಿಮ್ಮಡಿಗೆ ಬಂದು ಮುಟ್ಟಿತು, ನೆಲಕ್ಕೂ ಅದಕ್ಕೂ ಕೂದಲೆಳೆಯ ಸಂದಿಲ್ಲ. “ನೋಡಿ ಅಜ್ಜಿ, ಸರಿಯಾಗಿ ನನ್ನಷ್ಟೇ,” ಎಂದು ನಕ್ಕು, ನೂಲು ಹಿಡಿದುಕೊಂಡೇ ಗೋಡೆಗೆ ಬೆನ್ನು ಕೊಟ್ಟು ನಿಂತ. “ರಾಜಿ, ಹೀಗೊಂದು ಫೋಟೋ.”

ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು. ರಾಜೇಶ್ವರಿ ಫೋಟೋ ತೆಗೆದಳು.

ಅಂದು ಸಂಜೆ ಬಿರುಕಿನ ಅಡ್ಡಕ್ಕೆ ಮೂರು ಕಡೆ ತೆಳು ಗಾಜಿನ ಪಟ್ಟಿ ಅಂಟಿಸಿದರು. ಗೋಡೆ ಒಂದು ಎಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಗೋಡೆ ಬದುಕಿದೆಯೋ ಸಾಯುತ್ತಿದೆಯೋ ತಿಳಿಯಲು ಇದು ಹಳೇ ಉಪಾಯ. ಮರುದಿನ ಬೆಳಿಗ್ಗೆ ಮೂರೂ ಒಡೆದಿದ್ದವು. ಹೊಸ ಪಟ್ಟಿ ಅಂಟಿಸಿದರು. ಅವೂ ಒಡೆದವು, ಆದರೆ ಬೇರೆ ಥರ: ಗಾಜಿನ ಚೂರುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಬಿರುಕು ಅಗಲವಾಗುತ್ತಿರಲಿಲ್ಲ. ಮುಚ್ಚಿಕೊಳ್ಳುತ್ತಿತ್ತು.

ಹದಿನಾಲ್ಕು ವರ್ಷದಲ್ಲಿ ತಾನಾಗಿ ಮುಚ್ಚಿಕೊಂಡ ಬಿರುಕನ್ನು ಅವಳು ಕಂಡಿರಲಿಲ್ಲ. ಆಚೆ ಕಡೆ ಸುವರ್ಣಾ, “ನಮ್ಮ ಖೋಲ್ಯಾಗ ಮಣ್ಣು ಉದರೂದು ನಿಂತೇತ್ರಿ ಅಕ್ಕಾರ,” ಎಂದು ಖುಷಿಯಿಂದ ಹೇಳಿದಳು. ಕಿಶೋರ ಮಾತ್ರ ಬೆಳಿಗ್ಗೆ ಎದ್ದವನು ಕತ್ತು ಬಗ್ಗಿಸಲಾರದೆ ಒದ್ದಾಡಿದ. ಉಳುಕಿರಬೇಕು ಎಂದುಕೊಂಡರು. ಮರುದಿನ ಬೆನ್ನು ಬಗ್ಗಲಿಲ್ಲ. ಅದರ ಮರುದಿನ ಕೆಮ್ಮು ಹತ್ತಿತು, ಒಣಕೆಮ್ಮು. ಕರವಸ್ತ್ರ ಬಿಡಿಸಿದರೆ ಬಿಳಿ ಹುಡಿ. ಕೂತರೆ ಉಸಿರು ಕಟ್ಟುತ್ತದೆ, ಆ ಗೋಡೆಗೆ ಒರಗಿ ನಿಂತರೆ ಮಾತ್ರ ಹಗುರ ಎನ್ನತೊಡಗಿದ. ಮೂರು ಸಲ ತೊಳೆದರೂ ರಾಜೇಶ್ವರಿಯ ಕೈಯಿಂದ ಕೂದಲು ಸುಟ್ಟ ವಾಸನೆ ಹೋಗಲಿಲ್ಲ.

ಆರನೇ ದಿನ ಅವಳು ಗೆರೆಯ ಮೇಲೆ ನಿಲ್ಲಿಸಿ ತೆಗೆದ ಫೋಟೋಗಳನ್ನು ಸಾಲಾಗಿ ತೆರೆದು ನೋಡಿದಳು. ಮೊದಲನೇ ಫೋಟೋದಲ್ಲಿ ಕಿಶೋರನ ಬೆನ್ನಿಗೂ ಗೋಡೆಗೂ ನಡುವೆ ಒಂದು ಗೇಣು ಸಂದು. ಮರುದಿನದ್ದರಲ್ಲಿ ನಾಲ್ಕು ಬೆರಳು. ಆಮೇಲೆ ಎರಡು. ಕಾಲು ಮಾತ್ರ ಎಲ್ಲದರಲ್ಲೂ ಅದೇ ಗೆರೆಯ ಮೇಲೆ. ಅವನು ಹಿಂದೆ ಸರಿದಿರಲಿಲ್ಲ. ಆರನೇ ಫೋಟೋದಲ್ಲಿ ಸಂದೂ ಇರಲಿಲ್ಲ, ಗೋಡೆಯ ಮೇಲೆ ಅವನ ನೆರಳೂ ಇರಲಿಲ್ಲ.

ಆ ಕ್ಷಣವೇ ಗಂಡನನ್ನು ಕಾರಿಗೆ ಹತ್ತಿಸಿ ಗೋಕಾಕಿಗೆ ಹೊಡೆದಳು. ಮನೆಯಿಂದ ದೂರವಾದಷ್ಟೂ ಅವನ ಉಸಿರು ಕೀರಲು ಹತ್ತಿತು. ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. ಎದೆಯ ಗೂಡು ಪೂರ್ತಿ ಬಿಳುಪು.

“ಎಷ್ಟು ವರ್ಷ ಆತ್ರಿ ಇವರು ಸುಣ್ಣದ ಭಟ್ಟ್ಯಾಗ ಕೆಲಸ ಮಾಡಾಕತ್ತು?”

ರಾಜೇಶ್ವರಿ ಉತ್ತರ ಕೊಡುವ ಮೊದಲೇ ಫೋನು. ಖಂಡೆಪ್ಪ ಆಚೆಯಿಂದ ಕೂಗುತ್ತಿದ್ದ. “ಮೇಡಂರಿ, ಗ್ವಾಡಿ ಬಾಯಿ ತಗದೈತ್ರಿ! ತೊಟ್ಟಲದಾಗ ಮಣ್ಣಿನ ಹೆಂಟಿ ಬಿದ್ದಾವ್ರಿ! ಕೂಸು ಸ್ವಲ್ಪದಾಗ ಉಳೀತ್ರಿ!” ಮಂಚದ ಮೇಲಿದ್ದ ಕಿಶೋರ ಅದನ್ನು ಕೇಳಿಸಿಕೊಂಡ. ತುಟಿ ನೀಲಿಯಾಗಿತ್ತು. ಅವಳ ಸೆರಗು ಹಿಡಿದು ಎಳೆದ.

“ನನ್ನನ್ನ ಅಲ್ಲಿಗೇ ಕರ್ಕೊಂಡು ಹೋಗು ರಾಜಿ. ಇಲ್ಲಿ ಉಸಿರಾಡೋಕಾಗ್ತಿಲ್ಲ.”

ಡಾಕ್ಟರು ಬೇಡವೆಂದರೂ ಅವಳು ವಾಪಸು ತಿರುಗಿದಳು. ಘಟಪ್ರಭೆಯ ಸೇತುವೆ ದಾಟುತ್ತಿದ್ದಂತೆ ಅವನ ತುಟಿಗೆ ಬಣ್ಣ ಬಂತು. ಅದನ್ನು ನೋಡಿ ಅವಳಿಗೆ ಸಮಾಧಾನವಾಗಲಿಲ್ಲ, ಅಳು ಬಂತು. ತಾನು ನಕ್ಕಿದ್ದ ಮಾತನ್ನೆಲ್ಲ ಈಗ ನಂಬಬೇಕಾಗಿತ್ತು.

ವಾಡೆ ತಲುಪಿದಾಗ ಮಟಮಟ ಮಧ್ಯಾಹ್ನ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಪಡಸಾಲೆಯಲ್ಲಿ ಕೈ ಕಾಣದ ಕತ್ತಲೆ. ಕಿಶೋರ ತಾನಾಗಿಯೇ ಹೋಗಿ ಸೀಮೆಸುಣ್ಣದ ಗೆರೆಯ ಮೇಲೆ ನಿಂತ. ಗೋಡೆ ಕಟಕಟನೆ ಹಲ್ಲು ಕಡಿದ ಸದ್ದು ಮಾಡಿ ಸುಮ್ಮನಾಯಿತು. ಆಚೆ ಉದುರುತ್ತಿದ್ದ ಮಣ್ಣೂ ನಿಂತಿತು. ರಾಜೇಶ್ವರಿ ದುಂಡವ್ವನ ಕಾಲು ಹಿಡಿದಳು.

“ಯಾರಜ್ಜಿ ಅಲ್ಲಿ ನಿಂತಿದ್ದವನು? ಎಲ್ಲಾ ಹೇಳಿ.”

“ಅಲ್ಲಪ್ಪ ಅಂತ ಗೌಂಡಿ,” ಎಂದಳು ಮುದುಕಿ. “ಈ ಗ್ವಾಡಿ ಕಟ್ಟಿದಾಂವ. ಕಟ್ಟಿದಷ್ಟೂ ಬೀಳ್ತಿತ್ತಂತ. ನಮ್ಮ ಹಿರ್ಯಾ ಒಬ್ಬ ಮಾಟಗಾರನ್ನ ಕರಸಿದ. ಅಲ್ಲಪ್ಪ ಉಂಡು ಗ್ವಾಡಿಗೆ ಒರಗಿ ನಿಂತಾಗ ಅವಂಗ ಗೊತ್ತಿಲ್ಲದಂಗ ನೂಲಿಲೆ ಅವನ ಉದ್ದ ತಗೊಂಡು ಮಾಡದಾಗಿಟ್ಟು ಮೆತ್ತಿಬಿಟ್ರು. ತಿಂಗಳದಾಗ ಆಂವ ಒಣಗಿ ಹ್ವಾದ. ಗ್ವಾಡಿ ನಿಂತಿತು. ನಮ್ಮ ಮನಿ ಪಾಪ ಯವ್ವಾ ಅದು. ಅಮಾಸಿಗೊಮ್ಮೆ ಮಣ್ಣು ಹಚ್ಚಿ, ನಿಂದ್ರಪಾ ಅಲ್ಲಪ್ಪ, ತಪ್ಪಾತು ಅಂತೀವಿ. ನೀ ನೂಲು ಕತ್ತರಿಸಿದಿ, ಅವಂಗ ಬಿಡುಗಡಿ ಆತು. ಉಳದ ನೂಲಿನಷ್ಟು ಉದ್ದ ಇದ್ದ ನಿನ್ನ ಗಂಡ ಬೆನ್ನ ಕೊಟ್ಟು ನಿಂತ, ಅವನ ಜಾಗಕ್ಕ ಇಂವ ಸಿಕ್ಕ.”

“ಹಾಗಾದ್ರೆ ನಾನು ನಿಲ್ತೀನಿ. ನನ್ನ ಅಳತೆ ತಗೊಳ್ಳಿ.”

ಮುದುಕಿ ಅವಳನ್ನು ಕಾಲಿನಿಂದ ನೆತ್ತಿಯವರೆಗೆ ನೋಡಿ ತಲೆಯಾಡಿಸಿದಳು. “ನೀ ಎರಡ ಇಂಚು ಉದ್ದ ಅದಿ. ನೂಲು ಕಡಿಮಿ ಮಾಡಾಕ ಬರತೈತಿ, ಹೆಚ್ಚ ಮಾಡಾಕ ಬರೂದಿಲ್ಲ.”

ಎರಡೇ ಇಂಚು. ಮೊದಲ ಸಲ ಕತ್ತರಿಸಿ ಸುಮ್ಮನಿದ್ದಿದ್ದರೆ ನೂಲು ಅವಳಷ್ಟೇ ಉದ್ದ ಉಳಿಯುತ್ತಿತ್ತು. ರಾಜೇಶ್ವರಿ ಚೀಲದಿಂದ ನೂಲು ತೆಗೆದು, ಖಂಡೆಪ್ಪನ ಕಂಬಳಿಯಿಂದ ಒಂದು ಎಳೆ ಕಿತ್ತು ತುದಿಗೆ ಗಂಟು ಹಾಕಿದಳು. ಕೈ ಬಿಟ್ಟ ಕೂಡಲೇ ಗಂಟು ಬಿಚ್ಚಿಕೊಂಡಿತು. ಎರಡು ಗಂಟು ಹಾಕಿದಳು, ಹಲ್ಲಿನಿಂದ ಬಿಗಿದಳು. ಬಿಚ್ಚಿಕೊಂಡಿತು. ಪೂರಾ ಸುಟ್ಟುಬಿಡುತ್ತೇನೆ ಎಂದಳು. “ಸುಟ್ರ ಇಂವ ಸುಡ್ತಾನ,” ಎಂದಳು ಮುದುಕಿ. ಗೋಡೆ ಕೆಡವಿಸುತ್ತೇನೆ ಎಂದಳು. “ಕೆಡವಿದ್ರ ಮೊದಲ ಇಂವ ಬೀಳ್ತಾನ.”

ಉಳಿದದ್ದು ಕತ್ತರಿ ಒಂದೇ.

“ಕತ್ತರಿಸಿದರೆ ಕಿಶೋರನಿಗೆ ಬಿಡುಗಡೆ ಅಲ್ವಾ ಅಜ್ಜಿ? ಅಲ್ಲಪ್ಪನಿಗೆ ಆದ ಹಾಗೆ?”

“ಹೌದು. ಇವಂಗ ಬಿಡುಗಡಿ. ಆಮ್ಯಾಲ?” ಮುದುಕಿ ಗೋಡೆಯಾಚೆ ಕೈ ತೋರಿದಳು. “ಆಚಿ ಬಾಜೂ ನಮ್ಮವರೆಲ್ಲಾ ಇದ ಗ್ವಾಡಿಗೆ ಬೆನ್ನ ಹಚ್ಚಿ ಕೂಡ್ತಾರ, ಮಲಗ್ತಾರ. ನಾಕ ಬೆರಳ ಕತ್ತರಿಸಿದ್ರ ಸುವರ್ಣಾ. ಅದಕಿಂತ ಕಡಿಮಿ ಆದ್ರ ಕಾಜಲ್. ಮೊಳದಷ್ಟ ಉಳಿಸಿದ್ರ ತೊಟ್ಟಲದಾಗಿನ ಕೂಸು.”

“ಬೆರಳುದ್ದ ಮಾಡ್ತೀನಿ. ಅಷ್ಟು ಚಿಕ್ಕವರು ಯಾರಿರ್ತಾರೆ?”

“ಬೆರಳುದ್ದದ್ದೂ ಜೀವ ಹೊಟ್ಟ್ಯಾಗ ಇರತೈತಿ ಯವ್ವಾ. ಇದು ಹೆಣ್ಣಮಕ್ಕಳು ಇರೂ ಮನಿ.”

ಅಷ್ಟರಲ್ಲಿ ಹೊಸ್ತಿಲು ದಾಟಿ ಕಾಜಲ್ ಬಂದಳು. ಸುವರ್ಣಾಳ ಹಿರಿಮಗಳು, ಆರು ವರ್ಷದ್ದು. ದೊಡ್ಡವರು ಯಾಕೆ ಅಳುತ್ತಿದ್ದಾರೆಂದು ತಿಳಿಯದೆ, ಕಿಶೋರ ಫೋಟೋಕ್ಕೆ ನಿಂತಿರಬೇಕೆಂದುಕೊಂಡು ಅವನ ಪಕ್ಕದಲ್ಲಿ ಹೋಗಿ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು. “ನಂದೂ ತಗೀರಿ ಅಕ್ಕಾ,” ಎಂದಳು.

ರಾಜೇಶ್ವರಿಯ ಕಣ್ಣು ತಾನಾಗಿ ಅವಳನ್ನು ಅಳೆಯಿತು. ಮೂರಡಿ ಏಳು ಇಂಚು. ಕೈ ತಾನಾಗಿ ನೂಲಿನ ಮೇಲೆ ಆ ಜಾಗ ಹುಡುಕಿತು. ಯಾರ ಮಗುವೋ. ಇವನು ತನ್ನ ಗಂಡ. ಕತ್ತರಿ ಬಾಯಿ ತೆರೆಯಿತು. ದುಂಡವ್ವ ಕಿರುಚಿದಳು. ಕತ್ತರಿಯ ತಣ್ಣನೆಯ ಅಲಗು ನೂಲಿಗೆ ತಾಗಿತು.

ಒಂದು ಕೈ ಬಂದು ನೂಲು ಹಿಡಿಯಿತು. ಒರಟು ಕೈ. ಗಾರೆಯಂಥ ಕೈ. ಬೆರಳುಗಳು ಬಗ್ಗಲು ಕಟಕಟ ಎಂದವು. ಕಿಶೋರ. ಅವನ ಕಣ್ಣೊಂದೇ ಇನ್ನೂ ಒದ್ದೆ. ಮಗುವನ್ನು ಮೊಣಕಾಲಿನಿಂದ ಆಚೆ ನೂಕಿದ. ನೂಲು ಎಳೆದುಕೊಂಡ.

“ಬೇಡ ರಾಜಿ.”

ಅವಳು ಬಿಡಲಿಲ್ಲ. ಅವನೂ ಬಿಡಲಿಲ್ಲ. ಅವಳ ಬೆರಳು ಕೊಯ್ದು ರಕ್ತ ಬಂತು. ನೂಲು ಜಾರಿತು. ಅವನು ತಿರುಗಿದ. ಮಾಡದೊಳಗೆ ಕೈ ಹಾಕಿದ. ಮೊಣಕೈವರೆಗೆ. ಹೆಗಲವರೆಗೆ. ಅಷ್ಟು ಆಳ ಆ ಮಾಡಕ್ಕೆ ಇರಲೇ ಇಲ್ಲ! ಅವಳು ಸೊಂಟ ಹಿಡಿದು ಎಳೆದಳು. ಬರಲಿಲ್ಲ. ಖಂಡೆಪ್ಪ ಓಡಿ ಬಂದು ಎಳೆದ. ಬರಲಿಲ್ಲ. ಗೋಡೆ ಉಸಿರು ಎಳೆದುಕೊಂಡಿತು. ಬಿರುಕು ಮೇಲಿಂದ ಕೆಳಗೆ ಮುಚ್ಚುತ್ತ ಬಂತು. ಜಂತಿ. ಮಾಡ. ನೆಲ. ಆಗ ಬಿಟ್ಟಿತು. ಕಿಶೋರ ಅವಳ ತೋಳಿಗೆ ಬಿದ್ದ. ಹಗುರ. ತೀರ ಹಗುರ. ಒಳಗೆ ಏನೂ ಉಳಿದಿರಲಿಲ್ಲ.

ಶ್ವಾಸಕೋಶಕ್ಕೆ ಸುಣ್ಣದ ಧೂಳು ಸೇರಿ ಸಾವು ಎಂದು ಆಸ್ಪತ್ರೆಯವರು ಬರೆದುಕೊಟ್ಟರು. ನೂಲು ಒಳಗೇ ಉಳಿದಿದ್ದ ಮಾಡಕ್ಕೆ ರಾಜೇಶ್ವರಿಯೇ ಮಣ್ಣು ಮೆತ್ತಿದಳು. ದುಂಡವ್ವ ಪಕ್ಕದಲ್ಲಿ ಕೂತು ಸೆಗಣಿ ಕಲಸಿ ಕೊಟ್ಟಳು.

ತಿಂಗಳ ಮೇಲೆ ವರದಿ ಮುಗಿಸಲೆಂದು ಅವಳು ಕೊನೆಯ ಸಲ ಬಂದಳು. ಬೇರೆಯವರನ್ನು ಕಳಿಸುತ್ತೇವೆ ಎಂದು ಸಂಘದವರು ಹೇಳಿದ್ದರು, ಅವಳು ಒಪ್ಪಲಿಲ್ಲ. ಇನ್ನೊಬ್ಬರು ಬಂದರೆ ಮಾಡ ಬಿಚ್ಚುತ್ತಾರೆ, ಬಿಚ್ಚಿದರೆ ಅಳೆಯುತ್ತಾರೆ, ಅಳೆದರೆ ತುದಿ ಕತ್ತರಿಸುತ್ತಾರೆ. ಅವಳೂ ಅದನ್ನೇ ಮಾಡಿದ್ದಳಲ್ಲ. ಮಣ್ಣು ಮೆತ್ತಿದ ದಿನ ಮತ್ತೆ ಅಂಟಿಸಿದ್ದ ಗಾಜಿನ ಪಟ್ಟಿಗಳು ಮೂರೂ ಒಡೆಯದೆ ಇದ್ದವು. ಬಿರುಕು ಇದ್ದ ಜಾಗವೇ ತಿಳಿಯುತ್ತಿರಲಿಲ್ಲ. ಗೋಡೆಯಲ್ಲಿ ಒಂದು ಕಡೆ ಮಾತ್ರ ಹೊಸದಾಗಿ ಬಳಿದ ಸುಣ್ಣ ಹಿಡಿದಿರಲಿಲ್ಲ. ನೆಲದಿಂದ ಮೇಲಕ್ಕೆ ಉದ್ದನೆಯ ತೇವದ ಗುರುತು. ಅವಳು ಟೇಪು ಬಿಚ್ಚಲಿಲ್ಲ. ಅಳೆಯದೆಯೇ ಗೊತ್ತಿತ್ತು.

ಗೋಡೆಯಾಚೆ ಕಾಜಲ್ ತಮ್ಮನ ತೊಟ್ಟಿಲು ತೂಗುತ್ತಿದ್ದಳು. ಖಂಡೆಪ್ಪ ಟವೆಲು ಕೈಯಲ್ಲಿ ಹಿಡಿದು, ಹಿಂಜರಿಯುತ್ತಲೇ ಕೇಳಿದ.

“ಮೇಡಂರಿ, ತಪ್ಪ ತಿಳಕೋಬ್ಯಾಡ್ರಿ. ಮಂದಿ ಹೆಣ್ಣಮಕ್ಕಳು ಇರಾಕ ಬರಾವ್ರು ಅದಾರ. ಇನ್ನ ಎಷ್ಟ ವರ್ಷ ನಿಂದರತೈತ್ರಿ ಈ ಗ್ವಾಡಿ?”

ಅವಳು ಬಾಯಿ ತೆರೆಯುವಷ್ಟರಲ್ಲಿ ಮಣ್ಣಿನೊಳಗಿಂದ ಒಂದು ಒಣಕೆಮ್ಮು ಕೇಳಿತು. ಅದರ ಹಿಂದೆಯೇ ದಣಿದ, ಸಣ್ಣ, ಅವಳಿಗೆ ಚೆನ್ನಾಗಿ ಗೊತ್ತಿದ್ದ ದನಿ.

“ಇನ್ನೂ ಎಷ್ಟು ಹೊತ್ತು ನಿಲ್ಲಲಿ ರಾಜಿ?”

ಖಂಡೆಪ್ಪನಿಗೆ ಅದು ಕೇಳಿಸಲಿಲ್ಲ. ಅವನು ಅವಳ ಮುಖವನ್ನೇ ನೋಡುತ್ತ ಕಾಯುತ್ತಿದ್ದ. ರಾಜೇಶ್ವರಿ ಗೋಡೆಗೆ ಹಣೆ ಹಚ್ಚಿದಳು. ಅದು ಬೆಚ್ಚಗಿತ್ತು.

“ಇನ್ನೂರು ವರ್ಷ,” ಎಂದಳು.